ಪಿಕಪ್ ಲಾರಿಗಳ ಪೈಪೋಟಿಯೂ ಕೋಳಿಮಾಂಸದ ಸುಂಕವೂ

ಒಂದು ಸರಕು ತನ್ನ ಗುಣದಿಂದಲೇ ಗೆದ್ದಿತೋ, ಅಥವಾ ಎದುರಾಳಿಗಳು ಕಣಕ್ಕೆ ಇಳಿಯದಂತೆ ಸರ್ಕಾರವು ಮಾಡಿದ ಏರ್ಪಾಟಿನಿಂದ ಗೆದ್ದಿತೋ ಎಂಬುದು ಆರ್ಥಿಕ ಇತಿಹಾಸದಲ್ಲಿ ಮೇಲಿಂದ ಮೇಲೆ ಏಳುವ ಪ್ರಶ್ನೆ. ಮಾರಾಟದ ಅಂಕಿಗಳನ್ನು ಮುಂದಿಟ್ಟುಕೊಂಡು ಇದಕ್ಕೆ ಒಡನೆಯೇ ಉತ್ತರ ಕೊಡುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅಧ್ಯಾಪಕರಾದ ನಮ್ಮಲ್ಲಿಯೂ ಉಂಟು. ಅಂಕಿಗಳು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಹೇಳದೆ ಬಿಡುತ್ತವೆ ಎಂಬುದನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಿಕಪ್ ಲಾರಿಗಳ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮುಂದೆ ಚಾಲಕನ ಕೋಣೆ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ, ಇದೇ ಪಿಕಪ್. ಮೊದಮೊದಲು ರೈತರು ತಮ್ಮ ಕಾರುಗಳ ಹಿಂಭಾಗಕ್ಕೆ ಮರದ ಪೆಟ್ಟಿಗೆಯನ್ನು ತಾವೇ ಜೋಡಿಸಿಕೊಳ್ಳುತ್ತಿದ್ದರು. ಈ ಅಗತ್ಯವನ್ನು ಕಂಡ ಫೋರ್ಡ್ ಸಂಸ್ಥೆಯು ೧೯೨೫ರಲ್ಲಿ ತನ್ನ ‘ಟಿ’ ಮಾದರಿಯ ಕಾರಿಗೆ ಕಾರಖಾನೆಯಲ್ಲಿಯೇ ತೊಟ್ಟಿಯನ್ನು ಕೂಡಿಸಿ ೨೮೧ ಡಾಲರಿಗೆ ಮಾರಿತು. ಜನರಲ್ ಮೋಟರ್ಸಿನ ಷೆವರ್ಲೆ ಮತ್ತು ಡಾಡ್ಜ್ ಇದೇ ಮಾರುಕಟ್ಟೆಯಲ್ಲಿ ಅದಕ್ಕೆ ಎದುರು ನಿಂತವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಷೆವರ್ಲೆಯು ೧೯೪೭ರಲ್ಲಿಯೂ ಫೋರ್ಡ್ ೧೯೪೮ರಲ್ಲಿಯೂ ಹೊಸ ಮಾದರಿಗಳನ್ನು ಹೊರತಂದವು. ಫೋರ್ಡಿನ ‘ಎಫ್’ ಶ್ರೇಣಿ ಹುಟ್ಟಿದ್ದು ಆಗಲೇ.

೧೯೭೭ರಿಂದ ಆ ದೇಶದ ಲಾರಿಗಳಲ್ಲೆಲ್ಲ ತನ್ನ ‘ಎಫ್’ ಶ್ರೇಣಿಯೇ ಪ್ರಥಮವೆಂದು ಫೋರ್ಡ್ ಹೇಳಿಕೊಳ್ಳುತ್ತ ಬಂದಿದೆ. ಇದು ಸುಳ್ಳಲ್ಲ; ಆದರೆ ಲೆಕ್ಕದ ಕ್ರಮವನ್ನು ಗಮನಿಸಬೇಕು. ೨೦೨೧ರಲ್ಲಿ ‘ಎಫ್’ ಶ್ರೇಣಿಯ ಮಾರಾಟ ಸುಮಾರು ೭ ಲಕ್ಷ ೨೬ ಸಾವಿರ. ಡಾಡ್ಜ್‌ನಿಂದ ಬೇರೆಯಾದ ರ್‍ಯಾಮ್ ಸುಮಾರು ೫ ಲಕ್ಷ ೬೯ ಸಾವಿರ. ಷೆವರ್ಲೆಯ ಸಿಲ್ವರಾಡೊ ಸುಮಾರು ೫ ಲಕ್ಷ ೩೦ ಸಾವಿರ. ಹೆಸರುಗಳನ್ನು ಎಣಿಸಿದರೆ ಫೋರ್ಡಿಗೆ ಮೊದಲ ಸ್ಥಾನ, ಷೆವರ್ಲೆಗೆ ಮೂರನೆಯದು. ಆದರೆ ಜನರಲ್ ಮೋಟರ್ಸ್ ತನ್ನ ಪಿಕಪ್ಪನ್ನು ಎರಡು ಹೆಸರುಗಳಿಂದ ಮಾರುತ್ತದೆ. ಸಿಲ್ವರಾಡೊವಿನ ಅವಳಿಯಾದ ಸಿಯೆರಾ ಆ ವರ್ಷ ಸುಮಾರು ೨ ಲಕ್ಷ ೪೯ ಸಾವಿರ ಮಾರಾಟವಾಯಿತು. ಎರಡನ್ನೂ ಕೂಡಿಸಿದರೆ ೭ ಲಕ್ಷ ೭೯ ಸಾವಿರದಷ್ಟಾಗಿ, ಮೊದಲ ಸ್ಥಾನ ಜನರಲ್ ಮೋಟರ್ಸಿನದಾಗುತ್ತದೆ. ಇನ್ನು ‘ಎಫ್’ ಶ್ರೇಣಿಯೆಂಬುದೂ ಒಂದೇ ವಾಹನವಲ್ಲ. ಹಗುರವಾದುದರಿಂದ ಭಾರಿಯಾದುದರವರೆಗೆ ಹಲವು ಮಾದರಿಗಳ ಒಂದು ಕುಟುಂಬ. ‘ಪ್ರಥಮ’ ಎಂಬ ಮಾತು ಇಲ್ಲಿ ಎಣಿಸುವವನ ಆಯ್ಕೆಯನ್ನು ಅವಲಂಬಿಸಿದೆ.

ಮೂರು ಸಂಸ್ಥೆಗಳ ಈ ಜಗಳದಲ್ಲಿ ನಾಲ್ಕನೆಯವನು ಏಕೆ ಕಾಣುವುದಿಲ್ಲ? ಇದು ಲೆಕ್ಕದ ಕ್ರಮಕ್ಕಿಂತಲೂ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅರಸಿ ಹೊರಟರೆ ನಾವು ಮೋಟಾರು ಕಾರಖಾನೆಯನ್ನು ಬಿಟ್ಟು ಕೋಳಿಯ ವ್ಯಾಪಾರಕ್ಕೆ ಬರಬೇಕಾಗುತ್ತದೆ.

೧೯೬೨ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವು ಹೊರಗಿನಿಂದ ಬರುವ ಕೋಳಿಮಾಂಸದ ಮೇಲಿನ ಸುಂಕವನ್ನು ಏರಿಸಿತು. ಪಶ್ಚಿಮ ಜರ್ಮನಿಗೆ ಅಗ್ಗದ ಕೋಳಿಯನ್ನು ಕಳುಹಿಸುತ್ತಿದ್ದ ಅಮೆರಿಕದ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಈ ನಷ್ಟವನ್ನು ಅಂತರರಾಷ್ಟ್ರೀಯ ಸಮಿತಿಯೊಂದು ೧೯೬೩ರಲ್ಲಿ ೨ ಕೋಟಿ ೬೦ ಲಕ್ಷ ಡಾಲರೆಂದು ನಿರ್ಣಯಿಸಿತು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಅವರು ಪ್ರತೀಕಾರವಾಗಿ ಆಲೂಗಡ್ಡೆಯ ಪಿಷ್ಟ, ಡೆಕ್‌ಸ್ಟ್ರಿನ್, ಬ್ರಾಂದಿ ಮತ್ತು ಹಗುರ ಲಾರಿಗಳ ಮೇಲೆ ಹೊಸ ಸುಂಕಗಳನ್ನು ಘೋಷಿಸಿದರು. ೧೯೬೪ರ ಜನವರಿಯಿಂದ ಹಗುರ ಲಾರಿಗೆ ನೂರಕ್ಕೆ ೨೫ರಂತೆ ಸುಂಕ ಬಿತ್ತು. ಇದರ ಗುರಿ ಜರ್ಮನಿಯ ವೋಕ್ಸ್‌ವ್ಯಾಗನ್. ಆದರೆ ವ್ಯಾಪಾರ ಒಪ್ಪಂದದ ನಿಯಮದಂತೆ ಸುಂಕವು ಎಲ್ಲ ದೇಶಗಳಿಗೂ ಸಮಾನವಾಗಿ ಅನ್ವಯಿಸಬೇಕಾಗಿದ್ದುದರಿಂದ, ಕೋಳಿಯ ಜಗಳಕ್ಕೆ ಸಂಬಂಧವೇ ಇಲ್ಲದ ಜಪಾನಿಗೂ ಅದು ತಗುಲಿತು. ಕಾಲಕ್ರಮದಲ್ಲಿ ಉಳಿದ ವಸ್ತುಗಳ ಮೇಲಿನ ಸುಂಕ ಹೋಯಿತು. ಲಾರಿಯ ಮೇಲಿನದು ಉಳಿಯಿತು.

ಸುಂಕವನ್ನು ತಪ್ಪಿಸಿಕೊಳ್ಳಲು ನಡೆದ ಉಪಾಯಗಳೂ ಬೋಧಪ್ರದವಾಗಿವೆ. ತೊಟ್ಟಿಯಿಲ್ಲದೆ ಬರಿಯ ಚೌಕಟ್ಟು ಮತ್ತು ಚಾಲಕನ ಕೋಣೆಯಾಗಿ ಬಂದ ವಾಹನಕ್ಕೆ ನೂರಕ್ಕೆ ೪ರಷ್ಟು ಮಾತ್ರ ಸುಂಕವಿತ್ತು. ೧೯೭೨ರಿಂದ ಫೋರ್ಡ್ ಜಪಾನಿನ ಮಜ್ದಾದಿಂದಲೂ ಷೆವರ್ಲೆ ಇಸುಜುವಿನಿಂದಲೂ ಇಂತಹ ಸಣ್ಣ ವಾಹನಗಳನ್ನು ತರಿಸಿ, ಅಮೆರಿಕದ ನೆಲದಲ್ಲಿ ತೊಟ್ಟಿಯನ್ನು ಕೂಡಿಸಿ, ತಮ್ಮ ಹೆಸರಿನಲ್ಲಿ ಮಾರಿದವು. ಗೋಡೆಯ ನೆರಳಿನಲ್ಲಿದ್ದವರೇ ಗೋಡೆಯಲ್ಲಿ ಕಿಂಡಿಯನ್ನು ಕೊರೆದುಕೊಂಡಿದ್ದರು. ೧೯೮೦ರಲ್ಲಿ ಸರ್ಕಾರವು ಆ ಕಿಂಡಿಯನ್ನು ಮುಚ್ಚಿತು. ಅಷ್ಟರಲ್ಲಿ ಎರಡು ಸಂಸ್ಥೆಗಳೂ ಸ್ವದೇಶದಲ್ಲಿಯೇ ಸಣ್ಣ ಪಿಕಪ್ಪುಗಳನ್ನು ತಯಾರಿಸಲು ಸಿದ್ಧವಾಗಿದ್ದವು.

ಹಾಗಾದರೆ ಈ ಗೆಲುವೆಲ್ಲ ಸುಂಕದ ಪ್ರಸಾದವೇ? ಹಾಗೆಂದು ತೀರ್ಮಾನಿಸುವುದೂ ಅವಸರವೇ. ಟೊಯೋಟ ಸಂಸ್ಥೆಯು ತನ್ನ ದೊಡ್ಡ ಪಿಕಪ್ಪಾದ ಟಂಡ್ರಾವನ್ನು ೧೯೯೯ರಿಂದ ಅಮೆರಿಕದ ಇಂಡಿಯಾನದಲ್ಲಿಯೇ ತಯಾರಿಸತೊಡಗಿತು. ಅಲ್ಲಿಯೇ ತಯಾರಾದ ವಾಹನಕ್ಕೆ ಆಮದು ಸುಂಕದ ಅಡ್ಡಿಯಿಲ್ಲ. ಆದರೂ ಒಳ್ಳೆಯ ಮಾರಾಟ ಕಂಡ ೨೦೦೭ರಲ್ಲಿಯೂ ಅದು ಎರಡು ಲಕ್ಷವನ್ನು ಮುಟ್ಟಲಿಲ್ಲ; ಅದೇ ವರ್ಷ ‘ಎಫ್’ ಶ್ರೇಣಿಯ ಮಾರಾಟ ಸುಮಾರು ೬ ಲಕ್ಷ ೯೦ ಸಾವಿರವಾಗಿತ್ತು. ದಶಕಗಳಿಂದ ಬೆಳೆದ ಗ್ರಾಹಕರ ನಂಬಿಕೆ ಮತ್ತು ರೈತರ, ಗುತ್ತಿಗೆದಾರರ ಬಳಕೆ, ಇವು ಸುಂಕದಷ್ಟೇ ಬಲವುಳ್ಳವೆಂದು ಇದರಿಂದ ತಿಳಿಯುತ್ತದೆ. ಗೋಡೆಯ ಒಳಗಿನ ಸ್ಪರ್ಧೆಯೂ ಹುಸಿಯಾಗಿರಲಿಲ್ಲ. ಬಹಳ ಹಿಂದೆ ಬಿದ್ದಿದ್ದ ಡಾಡ್ಜ್ ೧೯೯೪ರ ಹೊಸ ರೂಪದಿಂದ ಚೇತರಿಸಿಕೊಂಡಿತು. ರ್‍ಯಾಮ್ ೨೦೧೯ರಲ್ಲಿ ಸಿಲ್ವರಾಡೊವನ್ನು ಹಿಂದಿಕ್ಕಿತು. ಫೋರ್ಡ್ ೨೦೧೫ರ ಮಾದರಿಗೆ ಅಲ್ಯುಮಿನಿಯಂ ಮೈಕಟ್ಟನ್ನು ಕೊಟ್ಟಾಗ, ಷೆವರ್ಲೆ ಅದರ ತೊಟ್ಟಿಯ ಮೇಲೆ ಕಲ್ಲುಗಳನ್ನು ಸುರಿದು ತೂತು ಬೀಳುವುದನ್ನು ೨೦೧೬ರ ಜಾಹೀರಾತಿನಲ್ಲಿ ತೋರಿಸಿತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಕಣದ ಒಳಗೆ ಯಾರು ಗೆದ್ದರೆಂಬುದನ್ನು ಸ್ಪರ್ಧೆಯು ನಿರ್ಧರಿಸಿತು, ಕಣಕ್ಕೆ ಯಾರು ಇಳಿಯಬಹುದೆಂಬುದನ್ನು ಬಹುಮಟ್ಟಿಗೆ ಸುಂಕವು ನಿರ್ಧರಿಸಿತು. ತಾತ್ಕಾಲಿಕ ಪ್ರತೀಕಾರವಾಗಿ ಹುಟ್ಟಿದ ಕ್ರಮವು ತನ್ನ ಕಾರಣವನ್ನು ಮೀರಿ ಬದುಕಿತು. ೨೦೧೮ರಲ್ಲಿ ದಕ್ಷಿಣ ಕೊರಿಯದೊಡನೆ ಒಪ್ಪಂದವನ್ನು ತಿದ್ದುವಾಗಲೂ ಅಮೆರಿಕವು ಈ ಸುಂಕದ ವಿನಾಯಿತಿಯನ್ನು ೨೦೪೧ರವರೆಗೆ ಮುಂದೂಡಿತು. ಹೊರಗಿನ ಅಗ್ಗದ ಸಣ್ಣ ವಾಹನವನ್ನು ಕೊಳ್ಳಬಹುದಾಗಿದ್ದ ಗ್ರಾಹಕನ ಹೆಸರು ಯಾವ ಮಾರಾಟದ ಪಟ್ಟಿಯಲ್ಲಿಯೂ ಇಲ್ಲ, ಏಕೆಂದರೆ ನಡೆಯದ ಮಾರಾಟವನ್ನು ಯಾರೂ ಎಣಿಸುವುದಿಲ್ಲ. ವಾಣಿಜ್ಯದ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಯು ಅಂಕಿಗಳ ಪಟ್ಟಿಯನ್ನು ಓದುವಾಗ ಪಕ್ಕದಲ್ಲಿ ಸುಂಕದ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಒಳಿತು.