ದುರ್ಗ ಬಿದ್ದದ್ದು ದಾಹದಿಂದಲ್ಲ!

ಭಾನುವಾರ ಬಂತೆಂದರೆ ಚಿತ್ರದುರ್ಗದ ಕೋಟೆ ಬಾಗಿಲಲ್ಲಿ ಜಾತ್ರೆ. ದಾವಣಗೆರೆ, ತುಮಕೂರು, ಬೆಂಗಳೂರು ಕಡೆಯಿಂದ ಬಂದ ಬಸ್ಸು, ಕಾರು. ಸಮವಸ್ತ್ರ ತೊಟ್ಟ ಶಾಲೆ ಮಕ್ಕಳ ಸಾಲು. ಎಲ್ಲರ ಬಗಲಲ್ಲೂ ನೀರಿನ ಬಾಟಲಿ. ನಾಲ್ಕು ಮೆಟ್ಟಿಲು ಹತ್ತಿ ಎರಡು ಬಾಗಿಲು ದಾಟುವಷ್ಟರಲ್ಲಿ ಬಾಟಲಿ ಖಾಲಿ. "ಅಬ್ಬಬ್ಬಾ, ಏನ್ ಬಿಸಿಲು ಸ್ವಾಮಿ! ಇಲ್ಲಿ ಕುಡಿಯೋಕೆ ನೀರು ಎಲ್ಲಿ ಸಿಗುತ್ತೆ?" ಅಂತ ಶುರು.

ಹಾಗೆ ಕೇಳುವವರಿಗೆ ಒಂದು ಮಾತು ಗೊತ್ತಿರುವುದಿಲ್ಲ. ಈ ಕೋಟೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು!

ಮದಕರಿಯ ಶೌರ್ಯ ಎಲ್ಲರಿಗೂ ಗೊತ್ತು. ಓಬವ್ವನ ಒನಕೆ ಎಲ್ಲರಿಗೂ ಗೊತ್ತು. ಆದರೆ ಸುತ್ತ ಶತ್ರು ಪಾಳೆಯ ಬಿಟ್ಟು ತಿಂಗಳುಗಟ್ಟಲೆ ಕೂತಾಗ, ಈ ಸುಡುಬಂಡೆಯ ಮೇಲೆ ಸೈನಿಕರು, ಹೆಂಗಸರು, ಮಕ್ಕಳು, ಆನೆ, ಕುದುರೆ, ದನಕರು ಏನು ಕುಡಿದು ಬದುಕಿದವು? ಅದನ್ನು ಕೇಳಿದವರು ಕಡಿಮೆ. ಉತ್ತರ ಮಾತ್ರ ಕಣ್ಣೆದುರಿಗೇ ಇದೆ. ನೋಡುವವರು ಬೇಕು, ಅಷ್ಟೆ.

ಬಾಗಿಲ ಮೇಲೊಂದು ಬಾಗಿಲು

ಮೊದಲು ಕಲ್ಲಿನ ಮಾತು ಮುಗಿಸಿಬಿಡೋಣ. ದುರ್ಗದವರು ಇದನ್ನು ಕರೆಯುವುದೇ ಏಳು ಸುತ್ತಿನ ಕೋಟೆ ಅಂತ. ಬಯಲಿನ ಪೇಟೆಯನ್ನು ಬಳಸಿ ಕೆಳಗಿನ ಸುತ್ತುಗಳು, ಬೆಟ್ಟಕ್ಕೆ ಹತ್ತುತ್ತಾ ಮೇಲಿನ ಸುತ್ತುಗಳು. ಹೆಬ್ಬಾಗಿಲು ಹತ್ತೊಂಬತ್ತು, ಸಣ್ಣ ದಿಡ್ಡಿ ಬಾಗಿಲು ಮೂವತ್ತೆಂಟು, ಕಳ್ಳಗಿಂಡಿ ಮೂವತ್ತೈದು ಅಂತ ಮಾರ್ಗದರ್ಶಕರು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಎಣಿಸಿ ನೋಡುವ ತಾಳ್ಮೆ ನಮಗಿಲ್ಲ. ಆದರೆ ಬಾಗಿಲ ಜಾಣತನ ತಿಳಿಯೋಕೆ ಎಣಿಕೆ ಬೇಕಿಲ್ಲ, ಮೊದಲ ಬಾಗಿಲೊಂದೇ ಸಾಕು.

ದಾರಿ ನೆಟ್ಟಗೆ ಹೋಗುವುದೇ ಇಲ್ಲ. ಹಾವಿನ ಹಾಗೆ ಬಳುಕುತ್ತದೆ. ಬಾಗಿಲಿಗೆ ಬಂದ ಮೇಲೆಯೇ ಬಾಗಿಲು ಕಾಣುವುದು. ಆನೆಯಿಂದ ಗುದ್ದಿಸಿ ಒಡೆಯೋಣ ಅಂದರೆ ಆನೆ ನಾಲ್ಕು ಹೆಜ್ಜೆ ಓಡಿ ಬರಲು ಜಾಗವಿಲ್ಲ. ಎಡಕ್ಕೊಂದು, ಬಲಕ್ಕೊಂದು ಗೋಡೆ, ಮೇಲೆ ನಿಂತವನ ಕೈಗೆ ಕಲ್ಲು. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದಾರೆ. ಎಷ್ಟೋ ಕಡೆ ಸಂದಿನಲ್ಲಿ ಚಾಕುವಿನ ತುದಿಯೂ ಹೋಗದು.

ಬಂಡೆಗಳ ಮೇಲೆ ಸಾಲಾಗಿ ಚೌಕದ ಗುಳಿಗಳು ಕಾಣುತ್ತವಲ್ಲ, ಅವು ಕಲ್ಲುಕುಟಿಗರ ರುಜು. ಗುಳಿ ತೋಡಿ, ಬೆಣೆ ಬಡಿದು ಬಂಡೆ ಸೀಳುತ್ತಿದ್ದರು. ಅಂದರೆ ಕೋಟೆಗೆ ಬೇಕಾದ ಕಲ್ಲು ಹೊರಗಿನಿಂದ ಬರಲೇ ಇಲ್ಲ, ಬೆಟ್ಟವೇ ಕೊಟ್ಟಿತು. ಒಳಗೆ ಹೋದರೆ ಮದ್ದು ಅರೆಯುವ ಬೃಹತ್ ಬೀಸುಗಲ್ಲುಗಳು, ಎಣ್ಣೆ ತುಂಬಿಡುತ್ತಿದ್ದ ಕೊಳಗಳು, ಕಣಜಗಳು, ಟಂಕಸಾಲೆ, ಮಣ್ಣಿನ ಅರಮನೆಯ ಮೊಂಡುಗೋಡೆಗಳು. ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣ ಹೀಗೆ ಗುಡಿಗಳ ಸಾಲು. ಮುಗಿಲಿಗೆ ನೆಗೆದಂತೆ ನಿಂತ ದೀಪಸ್ತಂಭ, ಉಯ್ಯಾಲೆ ಕಂಬ.

ಇಷ್ಟೆಲ್ಲಾ ಇತ್ತು ಸರಿ. ನೀರು?

ಬಂಡೆಯೇ ಮಾಡು

ದುರ್ಗದ ಸೀಮೆ ಮಳೆಗೆ ಬಡವಾದ ಸೀಮೆ. ಪಕ್ಕದಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಬೆಟ್ಟದ ಮೇಲೆ ಬಾವಿ ತೋಡೋಣವೆಂದರೆ ಎಲ್ಲಾ ಕರೀ ಬಂಡೆ. ಬೇರೆ ಯಾರಾದರೂ ಆಗಿದ್ದರೆ "ಇದು ಮನುಷ್ಯರು ಇರೋ ಜಾಗ ಅಲ್ಲ" ಅಂತ ಗಂಟುಮೂಟೆ ಕಟ್ಟುತ್ತಿದ್ದರು.

ಇಲ್ಲಿನವರು ಹಾಗೆ ಮಾಡಲಿಲ್ಲ. ಬಂಡೆಯ ದೋಷವನ್ನೇ ಗುಣ ಮಾಡಿಕೊಂಡರು. ಮಣ್ಣಿನ ನೆಲಕ್ಕೆ ಬಿದ್ದ ಮಳೆಯಲ್ಲಿ ಮುಕ್ಕಾಲು ಪಾಲು ನೆಲವೇ ಕುಡಿಯುತ್ತದೆ. ಬಂಡೆಗೆ ಬಿದ್ದ ಮಳೆ? ಮಾಡಿನ ಮೇಲೆ ಬಿದ್ದ ಹಾಗೆ ಜಾರಿ ಕೆಳಗೆ ಓಡುತ್ತದೆ. ಎರಡು ಬಂಡೆಗಳ ನಡುವಿನ ಕಣಿವೆಗೆ ಒಂದು ಅಡ್ಡಗೋಡೆ ಕಟ್ಟಿದರೆ ಸಾಕು, ಹೊಂಡ ತಯಾರು. ಒಂದು ಒಳ್ಳೆ ಮಳೆಗೆ ಅಷ್ಟೂ ನೀರು ತಾನಾಗಿ ಬಂದು ಕೂರುತ್ತದೆ.

ಇದಕ್ಕಿಂತ ಜಾಣತನ ಇನ್ನೊಂದಿದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಅದೂ ತುಂಬಿದರೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಮನೆಯ ಹಿರಿಯ ಉಂಡು ಮಿಕ್ಕಿದ್ದನ್ನು ಕಿರಿಯನಿಗೆ ಬಡಿಸಿದ ಹಾಗೆ! ಕೋಟೆಯೊಳಗಿನ ರಾಜ ಕುಡಿದದ್ದೂ ಅದೇ ಮಳೆ, ಸಂತೆಗೆ ಬಂದ ರೈತ ಕುಡಿದದ್ದೂ ಅದೇ ಮಳೆ. ಪಂಪಿಲ್ಲ, ಮೋಟಾರಿಲ್ಲ, ಕರೆಂಟು ಹೋಯಿತೆಂಬ ಸಬೂಬಿಲ್ಲ. ಇಳಿಜಾರೇ ಎಂಜಿನಿಯರು.

ಈಗ ಹೇಳಿ, ಕೋಟೆಯ ಗೋಡೆ ಯಾವುದು? ಕಲ್ಲಿನದೋ, ನೀರಿನದೋ?

ಕದಂಬರ ಕಾಲದ ಕೆರೆ

ನೀರು ಹಿಡಿಯುವ ಈ ವಿದ್ಯೆ ನಾಯಕರ ಕಾಲದಲ್ಲಿ ಹುಟ್ಟಿದ್ದಲ್ಲ. ಕೋಟೆ ಬೆಟ್ಟದ ಬೆನ್ನಿಗೇ ಇರುವ ಚಂದ್ರವಳ್ಳಿಗೆ ಹೋಗಿ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕೆಲವೇ ಸಾಲುಗಳ ಪ್ರಾಕೃತ ಶಾಸನ ಇದೆ. ಬರೆಸಿದವನು ಬೇರಾರೂ ಅಲ್ಲ, ಕನ್ನಡ ನಾಡಿನ ಮೊದಲ ರಾಜಮನೆತನ ಕಟ್ಟಿದ ಕದಂಬ ಮಯೂರಶರ್ಮ. ನಾಲ್ಕನೇ ಶತಮಾನದ ಮಾತು. ಶಾಸನದ ತಿರುಳು ಏನು ಗೊತ್ತೆ? ಕೆರೆ ಕಟ್ಟಿಸಿದ ಸುದ್ದಿ!

ಈ ಶಾಸನವನ್ನು ಓದಿ ಲೋಕಕ್ಕೆ ತಿಳಿಸಿದವರು ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ. 1947ರಲ್ಲಿ ಮಾರ್ಟಿಮರ್ ವೀಲರ್ ಕೂಡ ಚಂದ್ರವಳ್ಳಿಯಲ್ಲಿ ಅಗೆಸಿದರು. ಶಾತವಾಹನರ ಕಾಲದ ಊರು ಇಲ್ಲಿತ್ತೆಂಬುದು ಖಚಿತವಾಯಿತು. ನೀರಿದ್ದದ್ದರಿಂದ ಊರು, ಊರಿದ್ದದ್ದರಿಂದ ಕೋಟೆ. ಲೆಕ್ಕ ಇಷ್ಟು ಸರಳ.

ಆಮೇಲೆ ಚಾಳುಕ್ಯರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಈ ಬೆಟ್ಟದ ಮೇಲೆ ಕಣ್ಣಿಟ್ಟರು, ಕಲ್ಲಿಟ್ಟರು. ಹಳೆಯ ಶಾಸನಗಳಲ್ಲಿ ಊರಿನ ಹೆಸರು ಬೆಮ್ಮತ್ತನಕಲ್ಲು. ವಿಜಯನಗರದ ಆಳ್ವಿಕೆಯಡಿ 1568ರ ಸುಮಾರಿಗೆ ತಿಮ್ಮಣ್ಣ ನಾಯಕ ದುರ್ಗದ ನಾಯಕನಾದ. ವಿಜಯನಗರ ಕುಸಿದ ಮೇಲೆ ಈ ಬೇಡ ನಾಯಕರು ಯಾರ ಹಂಗೂ ಇಲ್ಲದೆ ಆಳಿದರು. ಒಟ್ಟು ಇನ್ನೂರು ವರ್ಷದ ಮೇಲೆ ಒಂದೇ ಮನೆತನ. ಈಗ ನಾವು ನೋಡುವ ಕೋಟೆಯ ಬಹುಪಾಲು ಇವರದೇ ಕೈಗೆಲಸ. ಅದರಲ್ಲೂ 1689ರಿಂದ 1721ರ ತನಕ ಆಳಿದ ಭರಮಣ್ಣ ನಾಯಕ ಗುಡಿ ಕಟ್ಟಿಸುವುದರಲ್ಲಿ, ಕೆರೆ ಕಟ್ಟಿಸುವುದರಲ್ಲಿ ಎತ್ತಿದ ಕೈ.

ಓಬವ್ವ ಹೋದದ್ದು ನೀರಿಗೆ

ಹದಿನೆಂಟನೇ ಶತಮಾನದ ನಡುವಿನ ಹೊತ್ತಿಗೆ ಮೈಸೂರಿನಲ್ಲಿ ಹೈದರಾಲಿ ಬೆಳೆದ. ದುರ್ಗದ ಕೊನೆಯ ದೊರೆ ಮದಕರಿ ನಾಯಕ ಪಟ್ಟಕ್ಕೆ ಬಂದದ್ದು 1754ರಲ್ಲಿ. ಇಬ್ಬರಿಗೂ ಒಮ್ಮೆ ಸ್ನೇಹ, ಒಮ್ಮೆ ಸಮರ. ಹೈದರ್ ಒಂದಲ್ಲ ಎರಡಲ್ಲ, ಹಲವು ಸಲ ಬಂದು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಜಪ್ಪಯ್ಯ ಅನ್ನಲಿಲ್ಲ.

ಓಬವ್ವನ ಕಥೆ ಈ ಮುತ್ತಿಗೆಯ ಕಾಲದ್ದು. ಗಂಡ ಕಹಳೆ ಮುದ್ದ ಹನುಮ, ಕಾವಲುಗಾರ. ಪಹರೆಯಿಂದ ಊಟಕ್ಕೆ ಮನೆಗೆ ಬಂದ. ಅನ್ನ ಬಡಿಸಿದ ಹೆಂಡತಿ ನೋಡುತ್ತಾಳೆ, ಕುಡಿಯೋಕೆ ನೀರಿಲ್ಲ. ಕೊಡ ಹಿಡಿದು ಹೊರಟಳು. ಆಗ ಬಂಡೆ ಸಂದಿಯಲ್ಲಿ ಪಿಸುಪಿಸು ಸದ್ದು. ಒಬ್ಬೊಬ್ಬನೇ ನುಸುಳಿ ಬರುವ ವೈರಿ. ಮನೆಯ ಒನಕೆ ತಂದು ಕಿಂಡಿಯ ಬಾಯಲ್ಲಿ ನಿಂತಳು. ತಲೆ ಹೊರಹಾಕಿದವನಿಗೆಲ್ಲ ಒಂದೊಂದೇ ಏಟು. ಗಂಡ ಬಂದು ನೋಡುವಷ್ಟರಲ್ಲಿ ಹೆಣಗಳ ರಾಶಿ.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದ ಮೇಲೆ ಜಯಂತಿಯ ಮುಖದಲ್ಲೇ ಓಬವ್ವನನ್ನು ಕಂಡವರು ನಾಡಿನ ತುಂಬ. 2021ರಲ್ಲಿ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಎಂದು ಗೊತ್ತುಮಾಡಿತು. ಎಲ್ಲವೂ ಸರಿ. ಆದರೆ ಆ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಅಂತ ಒಂದು ಸಣ್ಣ ನೀರಿನ ಸೆಲೆ ಇದೆ. ಕಿಂಡಿಯ ಮುಂದೆ ಫೋಟೋ ತೆಗೆಸಿಕೊಳ್ಳುವ ನೂರು ಜನರಲ್ಲಿ ಆ ದೋಣಿ ಬಗ್ಗಿ ನೋಡುವವರು ಎಷ್ಟು ಮಂದಿ? ಓಬವ್ವ ಮನೆಯಿಂದ ಹೊರಟದ್ದು ಯುದ್ಧಕ್ಕಲ್ಲ, ಒಂದು ಕೊಡ ನೀರಿಗೆ. ಆ ನೀರೇ ಇಲ್ಲದಿದ್ದರೆ ಕಥೆಯೇ ಇಲ್ಲ.

ಕಡೆಗೆ 1779ರಲ್ಲಿ ದುರ್ಗ ಬಿತ್ತು. ಹೇಗೆ? ಗೋಡೆ ಒಡೆದು ಅಲ್ಲ. ನೀರು ಬತ್ತಿ ಅಲ್ಲ. ಒಳಗಿದ್ದವರಲ್ಲೇ ಕೆಲವರು ಕೈಕೊಟ್ಟರು. ಮದಕರಿಯನ್ನು, ಅವನ ಮನೆಯವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಸಾವಿರಾರು ಬೇಡರನ್ನು ಊರು ಬಿಡಿಸಿ ಒಯ್ದರು. ಆ ದುಃಖವನ್ನೇ ತ. ರಾ. ಸು. 'ದುರ್ಗಾಸ್ತಮಾನ' ಮಾಡಿದರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ದ್ರೋಹದಿಂದ ಬಿದ್ದ ಕೋಟೆ ಇದು. ದಾಹದಿಂದ ಬೀಳಲಿಲ್ಲ.

ಈಗ ಕೈಕೊಡುವವರು ಯಾರು?

ನಲ್ಲಿ ಬಂದ ಮೇಲೆ ಹೊಂಡ ಮರೆತೆವು. ಇದು ದುರ್ಗವೊಂದರದ್ದೇ ಕಥೆಯಲ್ಲ, ಎಲ್ಲಾ ಊರಿನದೂ ಅದೇ. ಈಗ ಊರಿಗೆ ನೀರು ಬರುವುದು ದೂರದ ವಾಣಿವಿಲಾಸ ಸಾಗರದಿಂದ, ಶಾಂತಿಸಾಗರದಿಂದ. ಮಾರಿಕಣಿವೆಯ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಕಂಡದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ದೂರದ ನೀರನ್ನೇ ನಂಬಿದವರ ಪಾಡು ಹೇಗಿರುತ್ತದೆ ಅಂತ ಇದಕ್ಕಿಂತ ಬಿಡಿಸಿ ಹೇಳಬೇಕೆ? ಬರಗಾಲದ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಸಾಲಿಟ್ಟು ನಿಂತವರನ್ನು ಕೇಳಿ.

ಬೆಟ್ಟದ ಹೊಂಡಗಳ ನೀರು ಇಂದಿನ ಊರಿಗೆ ಸಾಲದು, ಒಪ್ಪಿದೆವು. ಅಂದಿನ ಜನ ಎಷ್ಟು, ಇಂದಿನ ಜನ ಎಷ್ಟು! ಆದರೆ ಹೊಂಡದಲ್ಲಿ ನಿಂತ ನೀರು ಬರೀ ಹೊಂಡದಲ್ಲೇ ನಿಲ್ಲುವುದಿಲ್ಲ, ಸ್ವಾಮಿ. ಬುಡಕ್ಕೆ ಇಳಿಯುತ್ತದೆ, ಸುತ್ತಲಿನ ಬಾವಿಗೆ ಬರುತ್ತದೆ. ಸಂತೆ ಹೊಂಡ ತುಂಬಿದರೆ ಪೇಟೆಯ ಬಾವಿ, ಬೋರ್‌ವೆಲ್ಲುಗಳಿಗೂ ಜೀವ. ಹೊಂಡಕ್ಕೆ ನೀರು ಬರುವ ಕಾಲುವೆಯ ಮೇಲೆ ಮನೆಯೋ, ರಸ್ತೆಯೋ, ಕಸವೋ ಕೂತರೆ ಸರಪಳಿಯ ಒಂದು ಕೊಂಡಿ ಕಳಚಿತು. ಆಮೇಲೆ ಮಳೆ ಬಂದರೂ ಅಷ್ಟೆ, ಬರದಿದ್ದರೂ ಅಷ್ಟೆ.

ನಾವು ಕೇಳುವುದು ಕೋಟಿಗಟ್ಟಲೆ ಯೋಜನೆ ಅಲ್ಲ. ಮುಂಗಾರಿಗೆ ಮುಂಚೆ ಮೇಲಿನಿಂದ ಕೆಳಗಿನವರೆಗೆ ಕಾಲುವೆ, ಕೋಡಿಗಳ ಹೂಳು ತೆಗೆಸಲಿ. ಹೊಂಡಕ್ಕೆ ಬಾಟಲಿ, ಹೂವಿನ ಹಾರ, ಕಸ ಎಸೆಯುವವರ ಕೈ ಹಿಡಿದು ಕೇಳುವವರು ಇರಲಿ. ಓಬವ್ವನ ಕಿಂಡಿಗೆ ದಾರಿ ತೋರಿಸುವ ಫಲಕ ಇದ್ದ ಹಾಗೆ, ಗೋಪಾಲಸ್ವಾಮಿ ಹೊಂಡದ ನೀರು ಸಂತೆ ಹೊಂಡಕ್ಕೆ ಬರುವ ದಾರಿ ತೋರಿಸುವ ಒಂದು ಫಲಕವೂ ಇರಲಿ. ಶಾಲೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಬತೇರಿ ತೋರಿಸಿದ ಮೇಲೆ ಕೋಡಿಯನ್ನೂ ತೋರಿಸಲಿ. ಒಂದು ಜೋರು ಮಳೆ ಬಂದ ಮಾರನೇ ದಿನ ಕರೆದುಕೊಂಡು ಹೋಗಿ ನೋಡಿ. ಹತ್ತು ಪಾಠ ಹೇಳದ್ದನ್ನು ಆ ಹರಿಯುವ ನೀರು ಹೇಳುತ್ತದೆ.

ಮುಂದಿನ ಭಾನುವಾರ ಕೋಟೆಗೆ ಹೋದಾಗ ಬಾಯಾರಿದರೆ ಬೈಯಬೇಡಿ. ಅಕ್ಕ-ತಂಗಿ ಹೊಂಡದ ದಡದಲ್ಲಿ ಒಂದು ಗಳಿಗೆ ಕೂತು, ಇದನ್ನು ಕಟ್ಟಿದ ಹೆಸರಿಲ್ಲದ ಒಡ್ಡರನ್ನು, ಕಲ್ಲುಕುಟಿಗರನ್ನು ನೆನೆಯಿರಿ. ಖಾಲಿ ಬಾಟಲಿಯನ್ನು ಮಾತ್ರ ವಾಪಸ್ ಮನೆಗೆ ತನ್ನಿ.

ಒಳಗಿನವರು ಕೈಕೊಟ್ಟದ್ದರಿಂದ ದುರ್ಗ ಒಮ್ಮೆ ಬಿದ್ದದ್ದು ಸಾಕು.