ಹಸಿರು ಮೂರು, ಕೆಂಪು ಮೂರು

ಮುಖಕ್ಕೆ ಕಟ್ಟಿದ ಗಾಜಿನ ಅಂಚಿನಲ್ಲಿ, ಕಣ್ಣಿಗೆ ತೀರ ಹತ್ತಿರ ಚಿಕ್ಕದೊಂದು ದೀಪ. ಅದು ಹಸಿರಾಗಿ ಮೂರು ಸಲ ಮಿನುಗಿದರೆ ಮುಳುಗುಗಾರ ಉಸಿರಾಡುತ್ತಿರುವ ಗಾಳಿ ಹದವಾಗಿದೆ ಎಂದರ್ಥ. ಕೆಂಪಾಗಿ ಮೂರು ಸಲ ಮಿನುಗಿದರೆ ಆಮ್ಲಜನಕ ಇರಬೇಕಾದಷ್ಟು ಇಲ್ಲ, ನೋಡಿಕೋ ಎಂದರ್ಥ. ಕೆಂಪು ಮಿನುಗಿನ ಎಣಿಕೆ ಏರುತ್ತ ಹೋದಷ್ಟೂ ಸಾವು ಹತ್ತಿರ. ದೀಪವೇ ಹೊತ್ತದಿದ್ದರೆ ಯೋಚಿಸುತ್ತ ಕೂಡುವಂತಿಲ್ಲ. ಪಕ್ಕದಲ್ಲಿ ಕಟ್ಟಿಕೊಂಡಿರುವ ಬೇರೆ ಸಿಲಿಂಡರಿಗೆ ಬಾಯಿ ಹಚ್ಚಿ ಮೇಲೆ ಬರಬೇಕು.

ಈ ಮಿನುಗಿನ ಲೆಕ್ಕಕ್ಕೆ ಸ್ಮಿದರ್ಸ್ ಸಂಕೇತ ಎನ್ನುತ್ತಾರೆ. ವಿಲಿಯಂ ಸ್ಮಿದರ್ಸ್ ರೂಪಿಸಿದ್ದನ್ನು ಹವಾಯಿಯ ಮೀನುವಿಜ್ಞಾನಿ ರಿಚರ್ಡ್ ಪೈಲ್ ತಿದ್ದಿ ಬಳಕೆಗೆ ತಂದರು. ಲೆಕ್ಕ ಸರಳ. ಆಮ್ಲಜನಕದ ಒತ್ತಡ 1.0 ಬಾರ್ ಇದ್ದರೆ ಕಿತ್ತಳೆ ದೀಪ ಒಂದು ಸಲ. ಅದಕ್ಕಿಂತ ಮೇಲಿನ ಪ್ರತಿ 0.1ಕ್ಕೆ ಒಂದು ಹಸಿರು, ಕೆಳಗಿನ ಪ್ರತಿ 0.1ಕ್ಕೆ ಒಂದು ಕೆಂಪು. ಅಂದರೆ 1.3ಕ್ಕೆ ಹಸಿರು ಮೂರು, 0.7ಕ್ಕೆ ಕೆಂಪು ಮೂರು. ಅಂಕಿ ಓದುವ ಗೋಜಿಲ್ಲ, ಕೈಗಡಿಯಾರ ನೋಡುವಂತೆ ಮುಂಗೈ ಎತ್ತುವ ಗೋಜೂ ಇಲ್ಲ.

ಸಮುದ್ರ ಕಾಣಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾದ ಹುಬ್ಬಳ್ಳಿ-ಧಾರವಾಡದವರಿಗೆ ಈ ದೀಪದ ಉಸಾಬರಿ ಯಾಕೆ ಎಂದು ಕೇಳಬಹುದು. ನನ್ನನ್ನು ಇದರ ಬೆನ್ನು ಹತ್ತಿಸಿದ್ದು ಥಾಯ್ಲೆಂಡಿನ ಸುದ್ದಿ. 2018ರ ಜೂನ್ 23ರಂದು ತಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರೂ ಅವರ ಫುಟ್‌ಬಾಲ್ ಕೋಚೂ ಸಿಕ್ಕಿಬಿದ್ದರು. ಗುಹೆಯ ನೀರು ಎತ್ತುವ ಕೆಲಸಕ್ಕೆ ಕಿರ್ಲೋಸ್ಕರ್ ಬ್ರದರ್ಸ್‌ನ ಎಂಜಿನಿಯರ್‌ಗಳೂ ಹೋಗಿದ್ದರು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಹಾಗಾಗಿ ಇಲ್ಲಿಯವರು ಆ ಸುದ್ದಿಯನ್ನು ಸ್ವಲ್ಪ ಹೆಚ್ಚೇ ಅಭಿಮಾನದಿಂದ ಓದಿದರು. ನನ್ನ ಗಮನ ಮಾತ್ರ ಇನ್ನಿಬ್ಬರ ಮೇಲೆ ನಿಂತಿತು. ಜುಲೈ 2ರಂದು ಹುಡುಗರನ್ನು ಮೊದಲು ಕಂಡ ಬ್ರಿಟನ್ನಿನ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥನ್. ಒಬ್ಬರು ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಇನ್ನೊಬ್ಬರು ಕಂಪ್ಯೂಟರ್ ಕ್ಷೇತ್ರದವರು. ಗುಹೆಯ ನೀರಿನಲ್ಲಿ ಮುಳುಗುವುದು ಇಬ್ಬರಿಗೂ ಹವ್ಯಾಸ. ಅಂಗಡಿಯಲ್ಲಿ ಸಿಗುವ ಸಲಕರಣೆ ಸಾಲದೆಂದು ತಮಗೆ ಬೇಕಾದ ಉಸಿರಾಟದ ಯಂತ್ರವನ್ನು ತಾವೇ ಮಾಡಿಕೊಂಡವರು. 2010ರಲ್ಲಿ ಸ್ಪೇನಿನ ಪೊಸೊ ಅಜುಲ್ ಗುಹೆಯಲ್ಲಿ ಇವರೂ ಇವರ ಸಂಗಡಿಗರೂ ಸುಮಾರು 8.8 ಕಿ.ಮೀ. ಒಳಹೊಕ್ಕು ಬಂದಿದ್ದರು.

ಆ ಯಂತ್ರದ ಹೆಸರು ರಿಬ್ರೀದರ್. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದವರಿಗೆ ನೆನಪಿರಬಹುದು, ಅಲ್ಲಿ ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಅದು ದುಂದು. ನಾವು ಹೊರಬಿಡುವ ಗಾಳಿಯಲ್ಲಿ ಇನ್ನೂ ನೂರಕ್ಕೆ 16ರಷ್ಟು ಆಮ್ಲಜನಕ ಉಳಿದಿರುತ್ತದೆ. ರಿಬ್ರೀದರ್ ಆ ಉಸಿರನ್ನು ಒಂದು ಚೀಲಕ್ಕೆ ತುಂಬಿಕೊಂಡು, ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಇಂಗಾಲದ ಡೈಆಕ್ಸೈಡ್ ಹೀರಿಸಿ, ಖರ್ಚಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಬಾಯಿಗೆ ಕೊಡುತ್ತದೆ. ಸಣ್ಣ ಸಿಲಿಂಡರಿನಲ್ಲಿ ತಾಸುಗಟ್ಟಲೆ ನೀರಿನಡಿ ಇರಬಹುದು.

ತೊಡಕು ಇಲ್ಲೇ ಇದೆ. ಉಸಿರು ಕಟ್ಟಿದಾಗ ನಮಗೆ ಚಡಪಡಿಕೆ ಆಗುವುದು ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ಅದನ್ನು ಯಂತ್ರ ಹೀರಿಬಿಟ್ಟಿದೆ. ಹಾಗಾಗಿ ಆಮ್ಲಜನಕ 0.16 ಬಾರ್‌ಗಿಂತ ಕೆಳಗಿಳಿದರೂ ದೇಹ ಕೂಗುವುದಿಲ್ಲ. ತಲೆ ಮಂಕಾಗುತ್ತದೆ, ಕೆಲವರಿಗೆ ಹಿತವೆನಿಸುವುದೂ ಉಂಟು, ಆಮೇಲೆ ಎಚ್ಚರ ತಪ್ಪುತ್ತದೆ. ಇತ್ತ 1.6 ದಾಟಿದರೆ ಅದೇ ಆಮ್ಲಜನಕ ವಿಷ. ಸೆಳವು ಬರುತ್ತದೆ, ಬಾಯಿಯ ಕೊಳವೆ ಕಳಚುತ್ತದೆ, ನೀರು ಒಳಗೆ ನುಗ್ಗುತ್ತದೆ. ಎರಡು ಸಾವುಗಳ ನಡುವಿನ ಈ ಇಕ್ಕಟ್ಟಿನ ಹಾದಿಯನ್ನು ತೋರಿಸುವುದು ಡಿಸ್‌ಪ್ಲೇ ಒಂದೇ. ಅದನ್ನು ಓದಬೇಕಾದವನೋ, ಆಗಲೇ ಮಂಕಾಗಿರಬಹುದಾದವನು. ಅಂಕಿ ಸರಿಯಿದ್ದರೆ ಸಾಲದು. ಅರ್ಧ ಬುದ್ಧಿಯಲ್ಲಿರುವವನಿಗೂ ಅದು ತಲುಪಬೇಕು. ಡಿಸ್‌ಪ್ಲೇ ಮಾಡುವ ಕಸುಬಿನ ಕಷ್ಟವೆಲ್ಲ ಅಷ್ಟರಲ್ಲೇ ಇದೆ.

ಇತಿಹಾಸ ಹೇಳುವುದಾದರೆ, 1878ರಲ್ಲಿ ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಮೊದಲ ಬಳಕೆಯೋಗ್ಯ ರಿಬ್ರೀದರ್ ಮಾಡಿದ. ಕ್ಷಾರದಲ್ಲಿ ನೆನೆಸಿದ ಹಗ್ಗದ ನಾರೇ ಅದರ ಶೋಧಕ. 1880ರಲ್ಲಿ, ನೀರು ನುಗ್ಗಿ ತುಂಬಿದ್ದ ಸೆವರ್ನ್ ನದಿಯಡಿಯ ಸುರಂಗದಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಇದನ್ನು ಕಟ್ಟಿಕೊಂಡು, ಕಗ್ಗತ್ತಲಲ್ಲಿ ಸುಮಾರು 1,000 ಅಡಿ ನಡೆದು ಸುರಂಗದ ಬಾಗಿಲು ಮುಚ್ಚಿ ಬಂದ. ಅವನ ಬಳಿ ಡಿಸ್‌ಪ್ಲೇಯೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡರು. ಆಮ್ಲಜನಕದ ಸೆಳವಿನಲ್ಲಿ ಅವರ ಬೆನ್ನುಮೂಳೆಗೇ ಪೆಟ್ಟಾಯಿತು. (1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನ್ ಇವರೇ.) 1950ರ ದಶಕದಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಮಾಡಿದ ಮೇಲೆ ದಾರಿ ತೆರೆಯಿತು. 1968ರಲ್ಲಿ ವಾಲ್ಟರ್ ಸ್ಟಾರ್ಕ್ ಮತ್ತು ಜಾನ್ ಕ್ಯಾನ್‌ವಿಶರ್ ತಂದ ‘ಎಲೆಕ್ಟ್ರೋಲಂಗ್’ ತಾನೇ ಅಳೆದು ತಾನೇ ಆಮ್ಲಜನಕ ಸೇರಿಸುತ್ತಿತ್ತು.

ಮನೆಯಲ್ಲಿ ರಿಬ್ರೀದರ್ ಮಾಡುವವರ ಮೇಜಿನ ಮೇಲೆ ನಡೆಯುವ ಕೆಲಸವೇ ನನಗೆ ಹೆಚ್ಚು ಇಷ್ಟ. ಆಮ್ಲಜನಕದ ಸೆಲ್ ಎಂಬುದು ಒಂದು ಬಗೆಯ ಬ್ಯಾಟರಿ. ನಮ್ಮ ಸುತ್ತಲಿನ ಗಾಳಿಯಲ್ಲಿ ಸುಮಾರು 10 ಮಿಲಿವೋಲ್ಟ್ ಕೊಡುತ್ತದೆ, ಶುದ್ಧ ಆಮ್ಲಜನಕದಲ್ಲಿ ಅದರ ಐದು ಪಟ್ಟಿನ ಆಸುಪಾಸು. ಅದಕ್ಕೊಂದು ಸಾಮಾನ್ಯ ಪ್ಯಾನಲ್ ಮೀಟರ್ ಜೋಡಿಸಿ, ಶುದ್ಧ ಆಮ್ಲಜನಕದಲ್ಲಿಟ್ಟು ಪ್ರೀಸೆಟ್ ಎಂಬ ಸಣ್ಣ ತಿರುಪನ್ನು ತಿರುಗಿಸಿ 1.00 ತೋರಿಸುವಂತೆ ಮಾಡಿದರೆ ಡಿಸ್‌ಪ್ಲೇಯ ತಿರುಳು ಸಿದ್ಧ. ನಮ್ಮ ಡಿಪ್ಲೊಮಾ ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದು. ಆದರೆ ಒಂದು ಸೆಲ್ ನಂಬಿದವನು ಕೆಟ್ಟ. ಆದ್ದರಿಂದ ಮೂರು ಸೆಲ್, ಪಕ್ಕಾ ಕಸುಬುದಾರರಲ್ಲಿ ಮೂರಕ್ಕೂ ಬೇರೆ ಬೇರೆ ಮೀಟರ್, ಬೇರೆ ಬೇರೆ ಬ್ಯಾಟರಿ.

ಕಂಪ್ಯೂಟರ್ ಇರುವ ಯಂತ್ರಗಳಲ್ಲಿ ಈ ಮೂರು ಸೆಲ್‌ಗಳು ಮತ ಹಾಕುತ್ತವೆ. ಎರಡು ಒಂದೇ ಮಾತು ಹೇಳಿದರೆ ಮೂರನೆಯದು ಸುಳ್ಳೆಂದು ತಳ್ಳಿಹಾಕುತ್ತವೆ. ಬಹುಮತ ಎಂದೊಡನೆ ನಮಗೆ ಸಮಾಧಾನವಾಗುವುದು ಸಹಜ, ಆದರೆ ಒಂದೇ ದಿನ ಕೊಂಡ, ಒಂದೇ ಬಾರಿ ಹಳತಾದ ಎರಡು ಸೆಲ್ ಕೂಡಿಕೊಂಡು ಸರಿಯಿರುವ ಮೂರನೆಯದನ್ನೇ ಸೋಲಿಸಬಹುದು. ಮುದಿಯಾದ ಸೆಲ್‌ಗೆ ಒಂದು ಮಿತಿಯ ಮೇಲೆ ವೋಲ್ಟೇಜ್ ಕೊಡುವ ಕಸುವೇ ಇರುವುದಿಲ್ಲ. ನಿಜವಾದ ಒತ್ತಡ 1.6 ದಾಟಿದರೂ ಅದು 1.2 ಎಂದೇ ಹೇಳುತ್ತಿರುತ್ತದೆ. 1.3 ಆಗಲೆಂದು ಯಂತ್ರ ಇನ್ನಷ್ಟು, ಮತ್ತಷ್ಟು ಆಮ್ಲಜನಕ ಬಿಡುತ್ತದೆ. ಡಿಸ್‌ಪ್ಲೇ ಮೂರೂ ಅಂಕಿಗಳನ್ನು ಬಚ್ಚಿಡದೆ ಪಕ್ಕಪಕ್ಕ ತೋರಿಸಬೇಕು, ಸರಾಸರಿ ಒಂದನ್ನೇ ತೋರಿಸಿ ಕೈತೊಳೆದುಕೊಳ್ಳಬಾರದು ಎಂದು ಹಳಬರು ಹಟ ಹಿಡಿಯುವುದು ಇದಕ್ಕೇ.

ಅಂಕಿಗಳಲ್ಲೂ ಮೋಸವಿದೆ. ಏಳು ಗೆರೆಗಳಿಂದ ಮೂಡುವ ಎಲ್‌ಸಿಡಿ ಅಂಕಿಯಲ್ಲಿ ಒಂದು ಗೆರೆ ಸತ್ತರೆ 8 ಹೋಗಿ 6 ಆಗುತ್ತದೆ, 0 ಆಗುತ್ತದೆ, 9 ಆಗುತ್ತದೆ. ನೋಡುವವನಿಗೆ ಕೆಟ್ಟಿದೆ ಎಂಬ ಸುಳಿವೇ ಇಲ್ಲ. ಸ್ವಿಚ್ ಹಾಕಿದ ಕೂಡಲೇ ಎಲ್ಲ ಗೆರೆಗಳನ್ನೂ ಬೆಳಗಿಸಿ 8.88 ತೋರಿಸುವ ರೂಢಿ ಅದಕ್ಕಾಗಿ. ಇನ್ನು ನೀರಿನ ಒತ್ತಡ. ಪೆಟ್ಟಿಗೆಯೊಳಗೆ ಗಾಳಿ ಉಳಿದರೆ ಆಳದಲ್ಲಿ ಗಾಜು ಒಡೆಯಬಹುದು. ಆದ್ದರಿಂದ ಕೆಲವರು ಒಳಗೆ ಎಣ್ಣೆ ತುಂಬುತ್ತಾರೆ, ಕೆಲವರು ಅರಾಲ್ಡೈಟ್‌ನಂಥ ಅಂಟು ಸುರಿದು ಇಡೀ ಸರ್ಕೀಟನ್ನೇ ಹುಗಿದುಬಿಡುತ್ತಾರೆ. ಗುಂಡಿಗೆಂದು ತೂತು ಕೊರೆದರೆ ನೀರು ಬರುತ್ತದೆ. ಹೊರಗಿನಿಂದ ಅಯಸ್ಕಾಂತ ಸರಿಸಿದರೆ ಒಳಗಿನ ಸ್ವಿಚ್ ಕೂಡುವ ಉಪಾಯ ಅದಕ್ಕೆ. ಹುಗಿದದ್ದನ್ನು ಮತ್ತೆ ಬಿಚ್ಚುವಂತಿಲ್ಲ, ಕೆಟ್ಟರೆ ಎಸೆಯಬೇಕು. ಮಾಡಿದವರು ಅದನ್ನು ಎಸೆಯದೆ ಕಪಾಟಿನಲ್ಲಿಟ್ಟುಕೊಳ್ಳುತ್ತಾರೆ ಎಂದೇ ನನ್ನ ಊಹೆ.

ಮಿನುಗುವ ದೀಪದ ಬಗ್ಗೆ ನನ್ನದೊಂದು ತಕರಾರೂ ಇದೆ. ಸ್ಮಿದರ್ಸ್ ಲೆಕ್ಕದಲ್ಲಿ 1.6 ಬಂದರೆ ಹಸಿರು ಆರು ಸಲ ಮಿನುಗುತ್ತದೆ. ಸೆಳವು ಬರುವ ಹೊತ್ತಿಗೂ ಹಸಿರೇ! ಎಣಿಕೆ ತಪ್ಪದವನಿಗೆ ಸರಿ. ಗಾಬರಿಯಲ್ಲಿರುವವನು ಬಣ್ಣ ನೋಡುತ್ತಾನೋ ಎಣಿಸುತ್ತಾನೋ? ಅದೂ ಅಲ್ಲದೆ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರು ಬೇರೆ ಮಾಡಿ ಕಾಣುವುದೇ ಕಷ್ಟ. ಈ ವಿಷಯದಲ್ಲಿ ನಮ್ಮ ಹುಬ್ಬಳ್ಳಿಗೆ ಹೇಳಲು ಒಂದು ಮಾತಿದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರಿದು. ರೈಲ್ವೆ ಸಿಗ್ನಲ್‌ನಲ್ಲಿ ಬಣ್ಣದ ಜೊತೆಗೆ ದೀಪದ ಜಾಗವೂ ಗೊತ್ತಿರುತ್ತದೆ. ದೀಪ ಆರಿದ್ದರೆ ಕೆಂಪೆಂದೇ ತಿಳಿದು ನಿಲ್ಲಿಸಬೇಕು. ಲೋಕೊ ಪೈಲಟ್ ಮತ್ತು ಸಹಾಯಕ ಇಬ್ಬರೂ ಸಿಗ್ನಲ್ ನೋಡಿ ಬಾಯಿಬಿಟ್ಟು ಕೂಗಿ ಹೇಳಬೇಕು. ನೀರಿನಡಿ ಕೂಗಲಾಗದು, ಆದರೆ ಉಳಿದೆರಡು ಪಾಠ ಅಲ್ಲಿಗೂ ಸಲ್ಲುತ್ತವೆ.

ಡಿಸ್‌ಪ್ಲೇ ಸರಿಯಾಗಿ ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು 2021ರ ಕೋವಿಡ್ ಕಾಲದಲ್ಲಿ ನಾವೆಲ್ಲ ಮನೆಮನೆಯಲ್ಲಿ ಕಂಡೆವು. ಜಪಾನಿನ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ವದ ಮೇಲೆ ನಡೆಯುವ ಪಲ್ಸ್ ಆಕ್ಸಿಮೀಟರ್ ಆಗ ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದೇ ಪುಣ್ಯ. ಬೆರಳಿಗೆ ಕಚ್ಚಿಸಿದರೆ ಎರಡು ಅಂಕಿ: ಒಂದು ಆಮ್ಲಜನಕ, ಇನ್ನೊಂದು ನಾಡಿ ಬಡಿತ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. “ಆಕ್ಸಿಜನ್ ಎಪ್ಪತ್ತೆರಡಕ್ಕ ಇಳದೈತ್ರೀ, ಏನ್ ಮಾಡೂದು?” ಎಂಬ ಗಾಬರಿಯ ಫೋನ್ ಆಗ ಓಣಿ ಓಣಿಯಲ್ಲಿ ಕೇಳಿಸುತ್ತಿತ್ತು. ನೋಡಿದರೆ ಅದು ನಾಡಿ. ಇನ್ನು ಯಂತ್ರವನ್ನು ತಲೆಕೆಳಗಾಗಿ ಓದಿದರೆ 98 ಹೋಗಿ 86, 99 ಹೋಗಿ 66. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಹೇಳಿ ಎಂದಿದ್ದ ಕಾಲದಲ್ಲಿ ಈ ತಲೆಕೆಳಗು ಎಷ್ಟು ಜನರ ನಿದ್ದೆ ಕೆಡಿಸಿತೋ. ಇದಕ್ಕಿಂತ ಕೆಟ್ಟದ್ದು 68 ಇದ್ದದ್ದು 89 ಆಗಿ ಕಾಣುವುದು. ಯಂತ್ರದ ಅಳತೆ ಸರಿಯಾಗೇ ಇತ್ತು. ತೋರಿಸುವ ರೀತಿ ಯೋಚಿಸಿದ್ದಾಗಿರಲಿಲ್ಲ.

ಯೋಚಿಸಿದ್ದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಡೆಬೆಲ್, ಎತ್ತರದ ಗಡಿಯಲ್ಲಿರುವ ಸೈನಿಕರಿಗಾಗಿ ಒಂದು ಆಮ್ಲಜನಕ ವ್ಯವಸ್ಥೆ ಮಾಡಿತ್ತು. ಮಣಿಕಟ್ಟಿಗೆ ಕಟ್ಟಿದ ಆಕ್ಸಿಮೀಟರ್ ತಂತಿಯಿಲ್ಲದೆ ಸುದ್ದಿ ಕಳಿಸಿದರೆ ವಾಲ್ವ್ ತಾನೇ ಬೇಕಾದಷ್ಟು ತೆರೆದುಕೊಳ್ಳುತ್ತದೆ. ಮಟ್ಟ ಇಳಿದರೂ, ಬೆರಳಿನ ಕ್ಲಿಪ್ ಕಳಚಿದರೂ ಸದ್ದು ಮಾಡಿ ಎಚ್ಚರಿಸುತ್ತದೆ. 2021ರ ಮೇ ತಿಂಗಳಲ್ಲಿ ಕೋವಿಡ್ ರೋಗಿಗಳಿಗಾಗಿ ಪಿಎಂ ಕೇರ್ಸ್ ನಿಧಿಯಿಂದ 322.5 ಕೋಟಿ ರೂಪಾಯಿಗೆ 1.5 ಲಕ್ಷ ‘ಆಕ್ಸಿಕೇರ್’ ಕೊಳ್ಳಲು ಮಂಜೂರಾಯಿತು, ಅವುಗಳಲ್ಲಿ 50,000 ಹೀಗೆ ತಾನೇ ತೆರೆದುಕೊಳ್ಳುವ ಬಗೆಯವು. ಓದುವ ಹೊರೆಯನ್ನೇ ರೋಗಿಯಿಂದ ಇಳಿಸಿದ್ದು ಅದರ ಜಾಣತನ.

ರಿಬ್ರೀದರನ್ನು ಮನೆಯಲ್ಲಿ ಮಾಡುವವರ ಕಾಲ ಮಾತ್ರ ಇಳಿಮುಖ. ಸೆಲ್ ತುಟ್ಟಿ, ಬಳಸಲಿ ಬಿಡಲಿ, ವರ್ಷ ಒಂದೂವರೆ ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಕಂಪನಿಗಳ ಬಣ್ಣದ ಪರದೆಗಳು ಚೆಂದವಾಗಿವೆ, ನಂಬಿಕೆಗೂ ಯೋಗ್ಯ. ಕೊಳ್ಳುವವನಿಗೆ ಅದೇ ಕ್ಷೇಮ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಮೂರು ಮೀಟರ್ ಜೋಡಿಸಿ, ಪ್ರೀಸೆಟ್ ತಿರುಗಿಸಿ, ತನ್ನ ಜೀವದ ಅಂಕಿಯನ್ನು ತಾನೇ ಹದಕ್ಕೆ ತಂದುಕೊಂಡವನಿಗೆ ಆ ಅಂಕಿ ಎಲ್ಲೆಲ್ಲಿ ಸುಳ್ಳು ಹೇಳುತ್ತದೆಂದು ಗೊತ್ತಿತ್ತು. ಸಿದ್ಧ ಪರದೆ ಕೊಂಡವನಿಗೆ ಅದು ಅಷ್ಟು ಸುಲಭಕ್ಕೆ ಬರುವುದಿಲ್ಲ.

ನಮ್ಮ ವಿದ್ಯಾನಗರದ ಬಿವಿಬಿಯಿಂದ ಹಿಡಿದು ಧಾರವಾಡದ ಎಸ್‌ಡಿಎಂ, ಐಐಟಿವರೆಗೆ ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಯಾವ ಅಳತೆಯಿದ್ದರೂ ಕೊನೆಗೆ ಅದೇ ಹದಿನಾರು ಅಕ್ಷರದ ಎರಡು ಸಾಲಿನ ಎಲ್‌ಸಿಡಿ ಹಚ್ಚಿ ಮುಗಿಸುವುದು ರೂಢಿಯಾಗಿದೆ. ಈ ವರ್ಷ ಯಾರಾದರೂ ಒಂದು ತಂಡ ಡಿಸ್‌ಪ್ಲೇಯನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಲಿ. ಸೆಲ್ ಬೇಕಿಲ್ಲ, ಅದರ ಬದಲು ಕೆಲವು ಮಿಲಿವೋಲ್ಟ್ ಕೊಡುವ ಸಣ್ಣ ಸರ್ಕೀಟ್ ಸಾಕು. ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ಕನ್ನಡಕ ತೆಗೆಸಿ, ನಿದ್ದೆಗಣ್ಣಿನಲ್ಲಿ ಎಬ್ಬಿಸಿ, ಮನೆಯ ಹಿರಿಯರಿಗೆ ತೋರಿಸಿ ಓದಿಸಿ ನೋಡಲಿ. ಆಸ್ಪತ್ರೆಗೂ ಅದು ಬೇಕಾದೀತು. ಆದರೆ ರಿಬ್ರೀದರನ್ನೇ ಮನೆಯಲ್ಲಿ ಮಾಡಿ ಉಣಕಲ್ ಕೆರೆಗೆ ಇಳಿಯುವ ಸಾಹಸ ಮಾತ್ರ ಯಾರೂ ಮಾಡಬೇಡಿ. ತರಬೇತಿ ಇಲ್ಲದವರಿಗೆ ಅದು ಎದೆಮಟ್ಟದ ನೀರಿನಲ್ಲೂ ಜೀವ ತೆಗೆಯುವ ಯಂತ್ರ.