ಓದಲೊಲ್ಲದ ಮಕ್ಕಳು ಮತ್ತು ನಮ್ಮ ವಿಮರ್ಶೆ

ಪಠ್ಯವನ್ನು ಯಾರು ಬರೆದರು, ಯಾರ ಕಣ್ಣಿನಿಂದ ಬರೆದರು ಎಂದು ದಲಿತ ವಿಮರ್ಶೆ ಕೇಳುತ್ತಾ ಬಂದಿದೆ. ಆ ಪಠ್ಯವನ್ನು ಓದಲಾಗದೆ ತಲೆ ತಗ್ಗಿಸಿ ಕೂತಿರುವ ಒಂಬತ್ತನೇ ತರಗತಿಯ ಹುಡುಗಿಯ ಬಗ್ಗೆ ಅಷ್ಟಾಗಿ ಕೇಳಿಲ್ಲ. 2023ರಲ್ಲಿ 'ಅಸರ್' ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಓದಿಸಿ ನೋಡಿತು. ಸುಮಾರು ಕಾಲು ಭಾಗದಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿಯ ಪಾಠವನ್ನೂ ಸರಾಗವಾಗಿ ಓದಲು ಬರುತ್ತಿರಲಿಲ್ಲ. ನಮ್ಮಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಕಿರಿಯ ತರಗತಿಗಳ ಪದ್ಧತಿ. ಹೈಸ್ಕೂಲಿನಲ್ಲಿ ಓದು ಕಲಿಸುವುದು ಯಾರ ಕೆಲಸವೂ ಅಲ್ಲ. ಅಲ್ಲಿರುವುದು ಒಂದೇ ತೀರ್ಪು: 'ದಡ್ಡ, ಓದಕ್ಕೆ ಬರಲ್ಲ.' ಮನೆಯಲ್ಲಿ ಮೊದಲ ಸಲ ಅಕ್ಷರ ಮುಟ್ಟಿದ ಕೇರಿಯ ಮಕ್ಕಳ ಮೇಲೆ ಈ ತೀರ್ಪು ಬಲು ಬೇಗ ಬೀಳುತ್ತದೆ. ಬಾಲಕ ಅಂಬೇಡ್ಕರರು ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ಇವರಿಗೆ ಬೆಂಚು ಸಿಕ್ಕಿದೆ, ಕೊನೇ ಬೆಂಚು.

ಹಾಗಾದರೆ ಮೇಷ್ಟ್ರು ಮಾಡಬೇಕಾದ್ದೇನು?

ಮೊದಲು, ಮಗು ಎಲ್ಲಿ ಎಡವುತ್ತದೆ ಎಂದು ನೋಡಬೇಕು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಐದು ನಿಮಿಷ ಕೇಳಿದರೆ ಸಾಕು. ಮೈಸೂರು ಸೀಮೆಯ ಹುಡುಗ 'ಹಾವು' ಎಂಬುದನ್ನು 'ಆವು' ಎಂದರೆ ಅವನು ಸರಿಯಾಗೇ ಓದಿದ್ದಾನೆ. ಅವನ ಕಣ್ಣಮುಂದೆ ಹಾವೇ ಹರಿದಿದೆ. 'ಹೂವು' ಎಂದರೆ ಮಾತ್ರ ತಪ್ಪಿದ್ದಾನೆ. ತರಗತಿಯಲ್ಲಿ ನಗೆಪಾಟಲಾಗುವುದು ಮೊದಲನೆಯವನು. ಇದು ಓದಿನ ಪರೀಕ್ಷೆಯಲ್ಲ, ಹುಟ್ಟಿನ ಪರೀಕ್ಷೆ. ಇನ್ನು ಕೆಲವರಿಗೆ ಒತ್ತಕ್ಷರ ತೊಡಕು. ಅದರಲ್ಲೂ ಅರ್ಕಾವೊತ್ತಿನಲ್ಲಿ ಉಚ್ಚಾರ ಮೊದಲು, ಗುರುತು ಆಮೇಲೆ. 'ಧರ್ಮ', 'ಕರ್ಮ', 'ವರ್ಣ' ಎಂದು ಬಾಯಿಪಾಠ ಮಾಡಿಸುವ ಬದಲು 'ಕುರ್ಚಿ', 'ಖರ್ಚು', 'ಅರ್ಜಿ' ಬರೆಸಿ, ಬೇಗ ಹತ್ತುತ್ತದೆ. ಮತ್ತೆ ಕೆಲವರು ಅಕ್ಷರವೆಲ್ಲ ಓದುತ್ತಾರೆ, ಏನು ಓದಿದೆ ಎಂದರೆ ಸುಮ್ಮನಾಗುತ್ತಾರೆ. ಅವರಿಗೆ ಬೇಕಾದ್ದು ಕಾಗುಣಿತವಲ್ಲ, ಮಾತುಕತೆ.

ಎರಡನೆಯದು, 'ಎದ್ದು ನಿಂತು ಓದು' ಎಂಬ ಶಿಕ್ಷೆ ನಿಲ್ಲಬೇಕು. ಮೊದಲು ಮೇಷ್ಟ್ರು ಓದಲಿ, ಆಮೇಲೆ ಎಲ್ಲರೂ ಅವರೊಂದಿಗೆ, ಆಮೇಲೆ ಇಬ್ಬಿಬ್ಬರು, ಕೊನೆಗೆ ಇಷ್ಟವಿದ್ದವರು ಒಬ್ಬರೇ. ಒಂದೇ ಭಾಗವನ್ನು ಮೂರ್ನಾಲ್ಕು ದಿನ ಓದಿದರೆ ನಷ್ಟವಿಲ್ಲ. ತತ್ವಪದ ಹಾಡುವವರು ಒಂದೇ ಪದವನ್ನು ನೂರು ಸಲ ಹಾಡುತ್ತಾರೆ. ಅದನ್ನು ಯಾರೂ ದಡ್ಡತನ ಅನ್ನುವುದಿಲ್ಲ.

ಮೂರನೆಯದು, ಓದಲು ಏನು ಕೊಡುತ್ತೇವೆ ಎಂಬುದು. ಮೀಸೆ ಚಿಗುರುತ್ತಿರುವವನ ಕೈಗೆ 'ಆನೆ', 'ಇಲಿ' ಪುಸ್ತಕ ಕೊಟ್ಟರೆ ಅದು ಅವಮಾನ. ಅವನು ಆಡಿದ ಮಾತನ್ನೇ ಬೋರ್ಡಿನ ಮೇಲೆ ಬರೆಯಿರಿ: ತಮಟೆ ಕಾಯಿಸುವ ಬಗೆ, ಅವ್ವನ ಕೂಲಿ, ನಿನ್ನೆಯ ಕ್ರಿಕೆಟ್ಟು. ತನ್ನ ಮಾತನ್ನು ಓದುವವನಿಗೆ ಮುಂದಿನ ಪದ ಯಾವುದೆಂದು ಗೊತ್ತಿರುತ್ತದೆ. ಆ ಧೈರ್ಯದಲ್ಲೇ ಓದು ಹರಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. 'ನಮ್ಮ ಸಾಹಿತ್ಯ ಕೊಟ್ಟರೆ ಸಾಕು, ನಮ್ಮ ಮಕ್ಕಳು ತಾವೇ ಓದುತ್ತಾರೆ' ಎಂಬ ನಂಬಿಕೆ ಪೂರ್ತಿ ನಿಜವಲ್ಲ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನ ಮಾತು ಕಿವಿಗೆ ಹತ್ತಿರ, ಕಣ್ಣಿಗೆ ಅಪರಿಚಿತ. ಕಲಬುರಗಿಯ ಹುಡುಗನಿಗಂತೂ ಅದು ಕಿವಿಗೂ ದೂರವೇ. ಅದನ್ನು ಮೊದಲು ಗಟ್ಟಿಯಾಗಿ ಓದಿ ಕೇಳಿಸಬೇಕು. ಆ ಮನೆಯವರು ರಾತ್ರಿಯಿಡೀ ಕಡಲೆಕಾಯಿ ತಿನ್ನುವುದನ್ನು ಕೇಳಿಸಿ, 'ಇದು ಕಳ್ಳತನವೇ?' ಎಂದು ಕೇಳಿ ನೋಡಿ. ಉತ್ತರ ಹುಡುಕಲು ಅವರೇ ಪುಟ ತಿರುಗಿಸುತ್ತಾರೆ.

ತನ್ನ ಜನ ಇಲ್ಲದ, ಇದ್ದರೂ ಕರುಣೆಗಷ್ಟೇ ಪಾತ್ರರಾದ ಪಾಠವನ್ನು ಮಗು ಓದಲೊಲ್ಲೆ ಎಂದರೆ ಅದು ಸೋಮಾರಿತನವಲ್ಲ, ವಿಮರ್ಶೆಯ ಮೊದಲ ಮಾತು. ಆದರೆ ಆ ಮಾತನ್ನು ಕೊಂಡಾಡಿ ಅಲ್ಲೇ ಬಿಟ್ಟರೆ ನಾವೂ ದ್ರೋಹಿಗಳೇ. ಕೋರ್ಟು, ಬ್ಯಾಂಕು, ಕಚೇರಿಗಳ ಶಿಷ್ಟ ಕನ್ನಡವೂ ಅವಳಿಗೆ ಬೇಕು. ಮನೆಮಾತು ಹೊಸ್ತಿಲಾಗಬೇಕು, ಗೋಡೆಯಾಗಬಾರದು.

ಇದನ್ನೆಲ್ಲ ಮೇಷ್ಟ್ರ ಮೇಲೆ ಹೊರಿಸಿ ಕೂರುವುದೂ ಸಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಸಂಜೆಯಿದೆ, ಭಾನುವಾರವಿದೆ. ಸಂಘಟನೆಯ ಗೆಳೆಯರು ವಾರಕ್ಕೆ ಎರಡು ತಾಸು ಅಲ್ಲಿ ಕೂತು ಮಕ್ಕಳ ಜೊತೆ ಓದಲಿ. ಭಾಷಣ ಬೇಡ, ಪುಸ್ತಕ ಸಾಕು.